‘ಫ್ರೀ ತಾನೇ ಅತ್ತಿಗೆ?’

2024ರ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ. ಹೊರಗೆ ಮಳೆ. ನಮ್ಮ ಬಣಕಲ್ ಕಡೆಯ ಮಳೆ ನಿಮಗೆ ಗೊತ್ತಿರಬಹುದು, ಹಿಡಿದರೆ ಬಿಡುವ ಜಾತಿಯದಲ್ಲ. ಒಂದು ಒಲೆಯ ಮೇಲೆ ಹಾಲು, ಇನ್ನೊಂದರ ಮೇಲೆ ಕಾವಲಿ. ಕೈಯೆಲ್ಲ ಅಕ್ಕಿರೊಟ್ಟಿಯ ಹಿಟ್ಟು. ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಮೂರು ದಿನದಿಂದ ಒಣಗದ ಬಟ್ಟೆ. ಜಗಲಿಯಿಂದ ಯಜಮಾನರು ಎರಡನೇ ಸಲ ಕಾಫಿ ಕೇಳಿದ್ದಾರೆ. ಅಷ್ಟರಲ್ಲಿ ಫೋನು ಬಂತು. ಹಿಟ್ಟು ಹತ್ತದ ಕಿರುಬೆರಳಿನಿಂದ ಒತ್ತಿದೆ. ಬೆಂಗಳೂರಿನಿಂದ ನನ್ನ ನಾದಿನಿ.

“ಅತ್ತಿಗೆ, ಫ್ರೀ ಇದ್ದೀರಾ?”

ನಾನು ಏನಂದೆ ಗೊತ್ತೇ? “ಫ್ರೀನೇ ಕಣೇ, ಹೇಳು.”

ಅಷ್ಟು ಹೇಳಿ ಮುಗಿಸುವುದರೊಳಗೆ ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು!

ನಗಬೇಡಿ. ನೀವೂ ಹೀಗೇ ಹೇಳಿರುತ್ತೀರಿ. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಮಗು ಇದ್ದರೂ ‘ಫ್ರೀ ಇದ್ದೀರಾ’ ಅಂತ ಕೇಳಿದರೆ ‘ಹೂಂ’ ಅನ್ನುವುದು ನಮಗೆ ಅಭ್ಯಾಸವಾಗಿ ಹೋಗಿದೆ. ‘ಇಲ್ಲ’ ಅಂದರೆ ಏನೋ ಅಪರಾಧ ಮಾಡಿದ ಹಾಗೆ.

ನಾದಿನಿ ವಿಷಯಕ್ಕೆ ಬಂದಳು. ಅವಳ ಮಗಳಿಗೆ ಅಕ್ಟೋಬರಿನಲ್ಲಿ ಹೆರಿಗೆ. ಅವಳಿಗೆ ರಜ ಸಿಗುವುದು ಕಷ್ಟ. “ನೀವು ಹೇಗೂ ಮನೇಲೇ ಇರ್ತೀರಲ್ಲ, ಫ್ರೀ ತಾನೇ ಅತ್ತಿಗೆ? ಒಂದು ಮೂರು ತಿಂಗಳು ಬಂದು ಬಾಣಂತನ ನೋಡಿಕೊಂಡರೆ ನನಗೆ ಧೈರ್ಯ.”

ಒಳ್ಳೆಯ ಹುಡುಗಿ ಅವಳು. ನಾನು ಮದುವೆಯಾಗಿ ಬಂದಾಗ ಹೈಸ್ಕೂಲಿಗೆ ಹೋಗುತ್ತಿದ್ದಳು, ನನ್ನ ಸೆರಗು ಹಿಡಿದುಕೊಂಡೇ ಓಡಾಡಿದವಳು. ಬೇರೆ ದಿನವಾಗಿದ್ದರೆ ‘ಆಯ್ತು’ ಅಂದುಬಿಡುತ್ತಿದ್ದೆ. ಆವತ್ತು ಮಾತ್ರ, ಉಕ್ಕಿದ ಹಾಲು ನೋಡುತ್ತಾ, “ನಾಳೆ ಹೇಳ್ತೀನಿ ಕಣೇ” ಅಂದೆ. ನಲವತ್ತು ವರ್ಷದಲ್ಲಿ ಮೊದಲ ಸಲ!

ಒಲೆ ಒರೆಸುವಾಗ ಆ ಶಬ್ದ ತಲೆಯಲ್ಲಿ ಕೂತುಬಿಟ್ಟಿತು. ಫ್ರೀ. ಇಂಗ್ಲಿಷ್ ಬಾರದವರ ಬಾಯಲ್ಲೂ ದಿನಕ್ಕೆ ಹತ್ತು ಸಲ ಓಡಾಡುವ ಈ ಶಬ್ದಕ್ಕೆ ಎಷ್ಟು ಅರ್ಥ? ಇವತ್ತು ಲೆಕ್ಕ ಇಟ್ಟೇ ಬಿಡೋಣ ಅಂದುಕೊಂಡೆ. ಹೇಗೂ ಮೂಡಿಗೆರೆಗೆ ಹೋಗುವುದಿತ್ತು.

ಹೊರಡುವ ಹೊತ್ತಿಗೆ ಪಕ್ಕದ ಮನೆಯ ಕಾಲೇಜು ಹುಡುಗಿ ಬೀಗದ ಕೈ ಕೊಡಲು ಬಂದಳು. “ಅಜ್ಜಿ, ಕೂದಲು ಫ್ರೀ ಬಿಟ್ಟಿದ್ದೀನಿ, ಚೆನ್ನಾಗಿದೆಯಾ?” ಅಂದಳು. ಚೆನ್ನಾಗಿಯೇ ಇತ್ತು. ನಮ್ಮ ಕಾಲದಲ್ಲಿ ಎರಡು ಜಡೆ, ಬಿಗಿಯಾದ ರಿಬ್ಬನ್ನು. ತಲೆಗೆ ನೀರು ಹಾಕಿಕೊಂಡ ದಿನ ಬಿಟ್ಟು ಕೂದಲು ಬಿಚ್ಚಿಕೊಂಡರೆ ಅಜ್ಜಿ ಅಟ್ಟಿಸಿಕೊಂಡು ಬರುತ್ತಿದ್ದರು.

ಬಸ್ಸಿನಲ್ಲಿ ಒಬ್ಬರು “ಈ ಸೀಟು ಫ್ರೀ ಇದೆಯಾ?” ಅಂದರು. ಕಂಡಕ್ಟರು ನನ್ನ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದು ಕೊಟ್ಟರು. 2023ರ ಜೂನ್ 11ರಿಂದ, ಶಕ್ತಿ ಯೋಜನೆ ಬಂದ ಮೇಲೆ, ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಮಗೆ ಫ್ರೀ ತಾನೇ. ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಯಾರದೋ ಮಗಳ ಸುದ್ದಿ ಮಾತಾಡುತ್ತಿದ್ದರು. “ಹುಡುಗಿ ಸ್ವಲ್ಪ ಫ್ರೀಯಂತೆ, ಎಲ್ಲರ ಹತ್ರಾನೂ.” ಅಂದ ರೀತಿಯಲ್ಲೇ ಗೊತ್ತಾಯಿತು, ಅದು ಹೊಗಳಿಕೆಯಲ್ಲ. ಇದೇ ಮಾತನ್ನು ಹುಡುಗನ ವಿಷಯದಲ್ಲಿ ಹೇಳಿ ನೋಡಿ, ‘ಎಲ್ಲರ ಹತ್ರಾನೂ ಫ್ರೀಯಾಗಿರ್ತಾನೆ, ಬಿಂಕ ಇಲ್ಲ’ ಅಂತ ಮೆಚ್ಚುಗೆಯಾಗುತ್ತದೆ! ಶಬ್ದ ಅದೇ, ಸೀರೆ ಉಟ್ಟರೆ ಒಂದು ಅರ್ಥ, ಪಂಚೆ ಉಟ್ಟರೆ ಇನ್ನೊಂದು.

ಡಾಕ್ಟರ ಹತ್ತಿರ ಹೋದೆ. ಬಿ.ಪಿ. ನೋಡುವ ನರ್ಸು “ಕೈ ಫ್ರೀಯಾಗಿ ಬಿಡಿ ಅಮ್ಮ” ಅಂದಳು. ಡಾಕ್ಟರು “ಮೋಷನ್ ಫ್ರೀ ಆಗ್ತಿದೆಯಾ?” ಅಂದರು. ಅಂಗಡಿಗೆ ಹೋದರೆ ಸೋಪಿನ ಪುಡಿಯ ಜೊತೆ ಬಕೆಟ್ಟು ಫ್ರೀ. ಹೊಲಿಗೆ ಮಿಷನ್ ರಿಪೇರಿಯವನ ಹತ್ತಿರ ದಾರ ಸುತ್ತುವಾಗ ತೊಡಕಾಗುತ್ತದೆ ಅಂದೆ. “ಬಾಬಿನ್ನಿಗೆ ದಾರ ಸುತ್ತೋವಾಗ ಚಕ್ರದ ಒಳಗಿನ ತಿರುಪು ಸಡಿಲ ಮಾಡಿ ಚಕ್ರ ಫ್ರೀ ಮಾಡ್ಕೊಳ್ಳಿ ಅಮ್ಮ” ಅಂದ. ಹೊಲಿಗೆ ಬಲ್ಲವರಿಗೆ ಇದು ಗೊತ್ತು. ಚಕ್ರ ಗಿರ್ರನೆ ತಿರುಗುತ್ತದೆ, ಸೂಜಿ ಮಾತ್ರ ಅಲ್ಲಾಡುವುದಿಲ್ಲ. ಎಷ್ಟು ತುಳಿದರೂ ಒಂದು ಹೊಲಿಗೆ ಬೀಳುವುದಿಲ್ಲ.

ಸಂಜೆ ಮನೆಗೆ ಬಂದು ಲೆಕ್ಕ ಹಾಕಿದೆ. ಬೆಳಿಗ್ಗೆಯಿಂದ 14 ಸಲ ಫ್ರೀ ಕೇಳಿದ್ದೆ, ನಾನೇ ಮೂರು ಸಲ ಹೇಳಿದ್ದೆ!

* * *

ನಮ್ಮಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕಳಸದಲ್ಲಿ ಹುಟ್ಟಿ, ಕಳಸದಲ್ಲೇ ಬಾಳಿ ಹೋದವಳು. ಈ ಒಂದು ಶಬ್ದದ ಕೆಲಸಕ್ಕೆ ಅವಳ ಹತ್ತಿರ ಒಂದು ಡಬ್ಬಿ ತುಂಬ ಶಬ್ದ ಇದ್ದವು. ಸೀಟು ‘ಖಾಲಿ’, ತಿರುಪು ‘ಸಡಿಲ’, ಹೊಟ್ಟೆ ‘ಹಗುರ’, ಮಾತು ‘ಸಲೀಸು’, ಮನಸ್ಸು ‘ನಿರಾಳ’. ಕೆಲಸ ಮುಗಿದ ಮೇಲೆ ಸಿಗುವುದು ‘ಬಿಡುವು’ ಅಥವಾ ‘ಪುರುಸೊತ್ತು’.

ದುಡ್ಡಿಲ್ಲದೆ ಸಿಗುವುದಕ್ಕಂತೂ ಅವಳ ಲೆಕ್ಕವೇ ಬೇರೆ. ತರಕಾರಿಯವಳು ಬೆಂಡೆಕಾಯಿ ತೂಗಿದ ಮೇಲೆ ಇನ್ನೆರಡು ಹಾಕಿದರೆ ಅದು ‘ಕೊಸರು’. ಹೊರನಾಡಿಗೆ ಹೋದರೆ ಅಲ್ಲಿ ಉಣ್ಣುವುದು ‘ಪ್ರಸಾದ’. ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಎಲೆ ಮುಂದೆ ಕೂತು ‘ಊಟ ಫ್ರೀ’ ಅಂದಿದ್ದರೆ ಅಮ್ಮ ತಲೆಗೆ ಮೊಟಕುತ್ತಿದ್ದಳು. ಪಕ್ಕದ ಮನೆಯವರು ಹಲಸಿನಹಣ್ಣು ಕೊಟ್ಟರೆ ಅವರ ಪಾತ್ರೆ ಖಾಲಿ ವಾಪಸ್ಸು ಹೋಗುವ ಹಾಗಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ನೆಟ್ಟಿ ಹೊತ್ತಿನಲ್ಲಿ ನಿಮ್ಮ ಗದ್ದೆಗೆ ನಾವು ಒಂದು ದಿನ, ನಮ್ಮ ಗದ್ದೆಗೆ ನೀವು ಒಂದು ದಿನ ಬಂದರೆ ಅದು ‘ಮುಯ್ಯಾಳು’. ಕೂಲಿ ಇಲ್ಲ, ಆದರೆ ಲೆಕ್ಕ ಇದೆ. ಇದು ಯಾವುದೂ ಅಲ್ಲದೆ, ಒಬ್ಬರು ಕೊಡುತ್ತಲೇ ಇರುವುದು, ಇನ್ನೊಬ್ಬರು ತೆಗೆದುಕೊಳ್ಳುತ್ತಲೇ ಇರುವುದು ಅಂತಾದರೆ ಅದಕ್ಕೆ ಅವಳ ಮಾತು ‘ಬಿಟ್ಟಿ’.

ನೋಡಿ, ಪ್ರತಿ ಶಬ್ದದಲ್ಲೂ ಯಾರು ಕೊಟ್ಟರು, ಯಾಕೆ ಕೊಟ್ಟರು, ತಿರುಗಿ ಏನು ಕೊಡಬೇಕು ಅನ್ನುವುದು ಇದೆ. ‘ಫ್ರೀ’ಯಲ್ಲಿ ಅದೆಲ್ಲ ಅಳಿಸಿ ಹೋಗಿದೆ.

ಇಂಗ್ಲಿಷ್ ಬೇಡ ಅನ್ನುವ ಜಗಳ ನನ್ನದಲ್ಲ. ಪುರುಸೊತ್ತು ಅನ್ನುವುದೂ ಉರ್ದುವಿನ ‘ಫುರ್ಸತ್’ ನಮ್ಮ ಬಾಯಿಗೆ ಸಿಕ್ಕಿ ಆದದ್ದು. ಪುಕ್ಕಟೆ ಮರಾಠಿ ಕಡೆಯಿಂದ ಬಂತು. ಉಚಿತ ಅನ್ನುವ ಸಂಸ್ಕೃತ ಶಬ್ದಕ್ಕೆ ಮೂಲದಲ್ಲಿ ‘ತಕ್ಕದ್ದು’ ಅಂತ ಅರ್ಥ. ಅನುಚಿತ ಅನ್ನುವಾಗ ಆ ಅರ್ಥ ಈಗಲೂ ಇದೆ. ಬಂದ ಶಬ್ದ ಮನೆಯವರಾಗುವುದು ತಪ್ಪೇನಲ್ಲ.

ನಮ್ಮ ಬೀದಿಯಲ್ಲಿ ನಿವೃತ್ತರಾದ ಒಬ್ಬ ಮೇಷ್ಟರಿದ್ದಾರೆ. ಮನೆ ತುಂಬ ನಿಘಂಟು. ಈ ಶಬ್ದಗಳ ಹುಚ್ಚು ಹಿಡಿದ ಮೇಲೆ ಒಂದು ಸಂಜೆ ಹೋಗಿ ಕೇಳಿದೆ. “ಬಿಟ್ಟಿ ಅನ್ನೋದು ಸಂಸ್ಕೃತದ ‘ವಿಷ್ಟಿ’ ಕಣಮ್ಮಾ” ಅಂದರು. ವಿಷ್ಟಿ ಅಂದರೆ ಕೂಲಿ ಇಲ್ಲದ ಕಡ್ಡಾಯದ ದುಡಿಮೆ. ಅರಸರಿಗೆ, ಊರ ಒಡೆಯರಿಗೆ ಮಾಡಿಕೊಡಲೇಬೇಕಾದ ಚಾಕರಿ. ಹಳೆಯ ಶಾಸನಗಳಲ್ಲೂ ಅದರ ಮಾತು ಬರುತ್ತದಂತೆ. ನಮ್ಮ ಸಂವಿಧಾನದ 23ನೇ ವಿಧಿ ಇಂಥ ಬಿಟ್ಟಿ ಬೇಗಾರಿಯನ್ನು ನಿಷೇಧಿಸಿದೆ. ಅಂದರೆ ಬಿಟ್ಟಿ ಅನ್ನುವುದು ಮೊದಲು ವಸ್ತುವಿನ ಹೆಸರಲ್ಲ, ದುಡಿಮೆಯ ಹೆಸರು. ತೆಗೆದುಕೊಳ್ಳುವವರಿಗೆ ಪುಕ್ಕಟೆಯಾಗಿ ಸಿಕ್ಕಿದ್ದರ ಆ ತುದಿಯಲ್ಲಿ ಯಾರೋ ಒಬ್ಬರು ಕೂಲಿ ಇಲ್ಲದೆ ದುಡಿದಿರುತ್ತಾರೆ. ಒಂದೇ ಶಬ್ದಕ್ಕೆ ಎರಡು ತುದಿ!

ನಾನು ಮನೆಗೆ ಬರುವ ದಾರಿಯಲ್ಲಿ ಇದನ್ನೇ ಯೋಚಿಸಿದೆ. ‘ನೀವು ಫ್ರೀ ತಾನೇ’ ಅಂದವರು ಕೇಳಿದ್ದು ಬಿಡುವಿನ ಮಾತು. ಅವರಿಗೆ ಸಿಕ್ಕಿದ್ದು ಬಿಟ್ಟಿ. ಎರಡಕ್ಕೂ ಒಂದೇ ಶಬ್ದ ಆದ್ದರಿಂದ ಕೇಳಿದವರಿಗೂ ಗೊತ್ತಾಗಲಿಲ್ಲ, ಕೊಟ್ಟ ನಮಗೂ ಗೊತ್ತಾಗಲಿಲ್ಲ.

* * *

ನಮ್ಮ ಮನೆಯಲ್ಲಿ ಈ ಶಬ್ದ ಹಬ್ಬದ ಹಾಗೆ ಬಂದ ಒಂದು ಕಾಲ ಇತ್ತು, ಅದನ್ನು ಹೇಳಲೇಬೇಕು.

ನಮ್ಮದು ಮೂರೂವರೆ ಎಕರೆ ಕಾಫಿ ತೋಟ. ನಾನು ಮದುವೆಯಾಗಿ ಬಂದ 1983ರಲ್ಲಿ ಬೆಳೆಗಾರ ತನ್ನ ಕಾಫಿಯನ್ನು ತನಗೆ ಬೇಕಾದವರಿಗೆ ಮಾರುವ ಹಾಗಿರಲಿಲ್ಲ. 1942ರ ಕಾಯಿದೆಯಂತೆ ಕಾಫಿ ಬೋರ್ಡಿನ ಪೂಲಿಗೆ ಕೊಡಬೇಕು, ದುಡ್ಡು ಕಂತು ಕಂತಾಗಿ ಬರುವುದನ್ನು ಕಾಯಬೇಕು. ಈ ವರ್ಷದ ಕಾಫಿಯ ಕೊನೇ ಕಂತು ಬರುವಾಗ ಮಕ್ಕಳು ಮುಂದಿನ ಕ್ಲಾಸಿಗೆ ಹೋಗಿರುತ್ತಿದ್ದವು. 1990ರ ದಶಕದ ಮೊದಲ ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಬಿಟ್ಟರು. ಇಷ್ಟು ಭಾಗ ನೀವೇ ಮಾರಿಕೊಳ್ಳಿ ಅಂದರು. ಅದಕ್ಕೆ ‘ಫ್ರೀ ಸೇಲ್ ಕೋಟಾ’ ಅಂತ ಹೆಸರು. 1996ರಲ್ಲಿ ಎಲ್ಲ ಬೆಳೆಗಾರರಿಗೂ ಪೂರ್ತಿ ಬಿಡುಗಡೆಯಾಯಿತು. ನಡುವೆ 1994ರಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟು ಹೋಗಿ ಇಲ್ಲಿ ರೇಟು ಏರಿತ್ತು. ವ್ಯಾಪಾರಿಗಳು ಕಣದ ಬಾಗಿಲಿಗೇ ಬಂದು ನಿಂತರು. ಮೂಡಿಗೆರೆಯಿಂದ ಬಂದ ಯಜಮಾನರು ಚಪ್ಪಲಿ ಬಿಡುವ ಮೊದಲೇ, “ನಮ್ಮ ಕಾಫಿ ಫ್ರೀ ಆಯ್ತು ಕಣೇ!” ಅಂದರು.

“ನನಗೆ ಯಾವಾಗ ರೀ ಫ್ರೀ ಸೇಲು?” ಅಂತ ನಾನು ತಮಾಷೆ ಮಾಡಿದೆ. ಅವರು ನಕ್ಕರು. ನಾನೂ ನಕ್ಕೆ.

ಕಾಫಿ ಫ್ರೀ ಆದದ್ದರ ಸುಖವನ್ನೂ ಕಂಡೆವು, ಕಷ್ಟವನ್ನೂ ಕಂಡೆವು. 2001-02ರ ಸುಮಾರಿಗೆ ರೇಟು ಪಾತಾಳ ಸೇರಿದಾಗ ಕೊಯ್ಲಿನ ಕೂಲಿ ಹುಟ್ಟುವುದೂ ಕಷ್ಟವಾಗಿತ್ತು. ಫ್ರೀ ಅಂದರೆ ಕಟ್ಟಿಹಾಕುವವರಿಲ್ಲ ಅಂತಲೂ ಹೌದು, ಬಿದ್ದಾಗ ಹಿಡಿದುಕೊಳ್ಳುವವರಿಲ್ಲ ಅಂತಲೂ ಹೌದು.

ಅದಿರಲಿ. ನಮ್ಮ ಮನೆಯ ಕೊಯ್ಲಿನ ಲೆಕ್ಕದ ಪುಸ್ತಕ ಇವತ್ತಿಗೂ ಕಪಾಟಿನಲ್ಲಿದೆ. ಹಣ್ಣು ಕೊಯ್ದವರ ಕೂಲಿ, ಗೊಬ್ಬರ, ಸ್ಪ್ರಿಂಕ್ಲರಿಗೆ ಡೀಸೆಲ್, ಗೋಣಿಚೀಲ, ಲಾರಿ ಬಾಡಿಗೆ ಎಲ್ಲ ಇದೆ. ಕೊಯ್ಲಿನ ಆಳುಗಳಿಗೆ ಬೆಳಿಗ್ಗೆ ನಾಲ್ಕಕ್ಕೆದ್ದು ತಿಂಡಿ ಬೇಯಿಸಿದ್ದು, ಕಣದಲ್ಲಿ ಹರಡಿದ ಕಾಫಿಯನ್ನು ಗಂಟೆಗೊಮ್ಮೆ ಕೈಯಾಡಿಸಿದ್ದು, ಮೋಡ ಕಂಡ ಕೂಡಲೇ ಓಡಿ ಟಾರ್ಪಾಲು ಹೊದಿಸಿದ್ದು ಇದಕ್ಕೆ ಯಾವ ಪುಟದಲ್ಲೂ ಒಂದು ಸಾಲಿಲ್ಲ. ಬೇಕೆಂದು ಬಿಟ್ಟದ್ದಲ್ಲ. ಫ್ರೀ ಆಗಿ ಸಿಕ್ಕಿದ್ದನ್ನು ಖರ್ಚಿಗೆ ಯಾರು ಬರೆಯುತ್ತಾರೆ ಹೇಳಿ?

* * *

ಈಗ ಅಮ್ಮನ ವಿಷಯ. ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

1998ರಲ್ಲಿ ನಮ್ಮ ಅತ್ತೆಗೆ ಲಕ್ವ ಹೊಡೆಯಿತು. ಮೂರು ವರ್ಷ ಹಾಸಿಗೆ. ನಾದಿನಿ ಬೆಂಗಳೂರಿನಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ಮೈದುನ ಶಿವಮೊಗ್ಗದಲ್ಲಿ. “ಅತ್ತಿಗೆ ಮನೇಲೇ ಇರ್ತಾರಲ್ಲ, ಅವರು ಫ್ರೀ” ಅಂತ ಎಲ್ಲರೂ ಅಂದರು. ಅತ್ತೆಯ ಸೇವೆ ಮಾಡಿದ್ದಕ್ಕೆ ನನಗೆ ಬೇಸರವಿಲ್ಲ. ನನ್ನನ್ನು ಮಗಳ ಹಾಗೆ ನೋಡಿಕೊಂಡವರು ಅವರು. ಕೊನೆಗೆ ನನ್ನ ಕೈಯಿಂದ ಬಿಟ್ಟು ಬೇರೆ ಯಾರ ಕೈಯಿಂದಲೂ ಗಂಜಿ ಕುಡಿಯುತ್ತಿರಲಿಲ್ಲ.

2000ದ ಡಿಸೆಂಬರಿನಲ್ಲಿ ಕಳಸದಿಂದ ಅಮ್ಮನ ಇನ್‌ಲ್ಯಾಂಡ್ ಲೆಟರು ಬಂತು. ಊರ ಸುದ್ದಿ, ಹಸು ಕರು ಹಾಕಿದ ಸುದ್ದಿ, ಎಲ್ಲ ಬರೆದು ಕೊನೆಯಲ್ಲಿ ‘ಪುರುಸೊತ್ತಾದಾಗ ಒಂದು ಸಲ ಬಂದು ಹೋಗು’ ಅಂತ ಒಂದು ಸಾಲು. ಮೈಗೆ ಹುಷಾರಿಲ್ಲ ಅಂತ ಬರೆದಿರಲಿಲ್ಲ. ಬರೆಯುವವಳೂ ಅಲ್ಲ. ನಾನು, ‘ಕೊಯ್ಲು ಮುಗಿಯಲಿ, ಫೆಬ್ರವರಿಗೆ ಖಂಡಿತ ಬರ್ತೀನಿ’ ಅಂತ ಉತ್ತರ ಹಾಕಿದೆ.

ಕೊಟ್ಟಿಗೆಹಾರದ ಮೇಲೆ ಹೋದರೆ ಕಳಸ ಇಲ್ಲಿಂದ ಅರ್ಧ ದಿನದ ದಾರಿಯೂ ಅಲ್ಲ. ಆದರೂ ಹೋಗಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾನು ಕೇಳಲೇ ಇಲ್ಲ. ರೋಬಸ್ಟಾ ಹಣ್ಣಾಗಿ ನಿಂತಿತ್ತು, ಅತ್ತೆಗೆ ಮೂರು ಹೊತ್ತು ಮಗ್ಗುಲು ಬದಲಿಸಬೇಕಿತ್ತು, ಇಪ್ಪತ್ತು ಜನಕ್ಕೆ ಅಡಿಗೆ. ಎಲ್ಲರಿಗೂ ಫ್ರೀ ಇದ್ದವಳು ಅಮ್ಮನಿಗೆ ಮಾತ್ರ ಫ್ರೀ ಆಗಲಿಲ್ಲ.

2001ರ ಜನವರಿಯಲ್ಲಿ ಅಮ್ಮ ತೀರಿಕೊಂಡಳು. ನಾನು ಹೋಗಿ ಇಳಿಯುವಾಗ ಅಂಗಳಕ್ಕೆ ತಂದು ಮಲಗಿಸಿದ್ದರು. ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ನನ್ನ ಕೈ ಹಿಡಿದುಕೊಂಡು, “ಈಗ ಪುರುಸೊತ್ತಾಯ್ತಾ ಮಗಾ?” ಅಂದರು. ಚುಚ್ಚಬೇಕು ಅಂತ ಅಂದದ್ದಲ್ಲ. ಅವರಿಗೂ ಬಾಯಿಗೆ ಬಂದ ಮಾತು ಅಷ್ಟೇ. ಆ ಪತ್ರ ಇನ್ನೂ ನನ್ನ ಟ್ರಂಕಿನಲ್ಲಿದೆ. ಬಿಚ್ಚಿ ಓದುವುದಿಲ್ಲ.

ಈಗ ಬಸ್ಸು ಫ್ರೀ ಆಗಿದೆ. ಅತ್ತೆ ಮಾವ ಇಲ್ಲ, ಮಕ್ಕಳು ಅವರವರ ದಾರಿ ಹಿಡಿದಿದ್ದಾರೆ, ನಾನೂ ಫ್ರೀ ಆಗಿದ್ದೇನೆ. 2023ರ ಮಳೆಗಾಲದಲ್ಲಿ ಮೊದಲ ಸಲ ಸೊನ್ನೆ ಟಿಕೆಟ್ಟು ಹಿಡಿದು ಕಳಸಕ್ಕೆ ಹೋದೆ. ಹೋಗಲು ಸಲೀಸಾಯಿತು, ಹೋದರೆ ಅಮ್ಮ ಇಲ್ಲ. ಚಿಕ್ಕಮ್ಮ ಇದ್ದರು, 82 ವರ್ಷ, ಮನೆಯಲ್ಲಿ ಒಬ್ಬರೇ. ನನ್ನನ್ನು ನೋಡಿ, “ನಿನಗೆ ನಿಮ್ಮಮ್ಮನ ನಡಿಗೆಯೇ ಬಂತಲ್ಲೇ” ಅಂದರು. ಅಂದಿನಿಂದ ತಿಂಗಳಿಗೆ ಒಂದು ಸಲವಾದರೂ ಹೋಗುತ್ತೇನೆ. ನಮ್ಮ ಕಡೆ ಎಲ್ಲ ಬಸ್ಸೂ ಸರ್ಕಾರದ್ದಲ್ಲ. ಸಿಗದ ದಿನ ಖಾಸಗಿ ಬಸ್ಸಿಗೆ ದುಡ್ಡು ಕೊಟ್ಟೇ ಹೋಗುತ್ತೇನೆ.

* * *

ಇದೆಲ್ಲ ನನ್ನೊಬ್ಬಳ ಗೋಳು ಅಂದುಕೊಳ್ಳಬೇಡಿ. ಕೇಂದ್ರ ಸರ್ಕಾರದವರು ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿಸಿದ್ದಾರೆ. 2019ರಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. 2024ರಲ್ಲಿ ಹೆಂಗಸರದು 289 ನಿಮಿಷ ಆಯಿತು, ಗಂಡಸರದು 88. ಐದು ವರ್ಷದಲ್ಲಿ ನಮಗೆ ಹತ್ತು ನಿಮಿಷ ಬಿಡುವು ಸಿಕ್ಕಿತು. ಗಂಡಸರು ಸುಮ್ಮನಿರುತ್ತಾರೆಯೇ? ಅವರೂ ಒಂಬತ್ತು ನಿಮಿಷ ಬಿಡುವು ಮಾಡಿಕೊಂಡರು! ಮಕ್ಕಳ, ಕಾಯಿಲೆಯವರ ಆರೈಕೆಯ ಲೆಕ್ಕ ಇದರಲ್ಲಿ ಸೇರಿಲ್ಲ, ಅದು ಬೇರೆ.

ದೂರದ ಐಸ್‌ಲ್ಯಾಂಡ್ ದೇಶದಲ್ಲಿ 1975ರ ಅಕ್ಟೋಬರ್ 24ರಂದು ನೂರಕ್ಕೆ ತೊಂಬತ್ತರಷ್ಟು ಹೆಂಗಸರು ಒಂದು ದಿನ ಕೆಲಸ ನಿಲ್ಲಿಸಿದ್ದರು. ಕಚೇರಿಯದೂ ಇಲ್ಲ, ಮನೆಯದೂ ಇಲ್ಲ. ಗಂಡಸರು ಮಕ್ಕಳನ್ನು ಕಟ್ಟಿಕೊಂಡು ಕೆಲಸಕ್ಕೆ ಹೋಗಬೇಕಾಯಿತಂತೆ. ಆ ದಿನಕ್ಕೆ ಅವರ ಭಾಷೆಯಲ್ಲಿ ಇಟ್ಟ ಹೆಸರಿನಲ್ಲೂ ಈ ‘ಫ್ರೀ’ಯ ಒಡಹುಟ್ಟಿದ ಶಬ್ದವೇ ಇದೆ, ಅಲ್ಲಿ ಅದಕ್ಕೆ ‘ರಜ’ ಅಂತ ಅರ್ಥ. ಹೆಂಗಸರ ರಜಾದಿನ. ನಾವು ಒಂದು ದಿನ ಒಲೆ ಹಚ್ಚದೆ ಕೂರಬೇಕು ಅಂತ ನಾನು ಹೇಳುತ್ತಿಲ್ಲ. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಬೇಕು. ಆದರೆ ಅವರಿಗೆ ‘ಫ್ರೀ’ ಅಂದಾಗ ನೆನಪಾದದ್ದು ರಜ, ನಮಗೆ ‘ಫ್ರೀ’ ಅಂದಾಗ ಬಂದು ಸೇರುವುದು ಇನ್ನೊಂದು ಕೆಲಸ. ಇಷ್ಟಾದರೂ ಗಮನಿಸಬೇಡವೇ?

ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಮ್ಮ ತೋಟದ ಕೆಲಸಕ್ಕೆ ಬರುವವಳಿಗೆ ಎಷ್ಟು ಸಲ ನಾನು, “ಸಂಜೆ ಫ್ರೀ ಇದ್ದರೆ ಬಂದು ಸೌದೆ ಒಟ್ಟಿಕೊಡು ಮಾರಾಯ್ತಿ” ಅಂದಿಲ್ಲ! ಒಂದು ಲೋಟ ಕಾಫಿ, ಎರಡು ರೊಟ್ಟಿ ಕೊಟ್ಟು ದೊಡ್ಡ ಉಪಕಾರ ಮಾಡಿದ ಹಾಗೆ ಕೂತಿದ್ದೇನೆ. ಅವಳೂ “ಫ್ರೀನೇ ಅಮ್ಮ” ಅಂದೇ ಬರುತ್ತಿದ್ದಳು. ಅವಳ ಮನೆಯ ಒಲೆಯ ಮೇಲೆ ಏನು ಉಕ್ಕುತ್ತಿತ್ತೋ ನಾನು ಕೇಳಲಿಲ್ಲ. ಈಗ ಸೌದೆ ಒಟ್ಟಿದರೆ ಆ ಹೊತ್ತಿನ ಕೂಲಿಯನ್ನು ಲೆಕ್ಕಕ್ಕೆ ಹಿಡಿದು ಕೊಡುತ್ತೇನೆ. ಕಾಫಿ ಅದರ ಮೇಲೆ, ಕೊಸರು.

* * *

ಮಾರನೆಯ ದಿನ ಹಾಲು ಇಳಿಸಿ, ಕೈ ತೊಳೆದು, ಕೂತುಕೊಂಡು ನಾದಿನಿಗೆ ಫೋನು ಮಾಡಿದೆ. ಎದೆ ಡವಡವ ಅನ್ನುತ್ತಿತ್ತು, ನಿಜ ಹೇಳುತ್ತೇನೆ.

“ನಾನು ಫ್ರೀ ಇಲ್ಲ ಕಣೇ” ಅಂದೆ.

ಆ ಕಡೆ ಮಾತಿಲ್ಲ.

“ಬರೋದಿಲ್ಲ ಅಂತಲ್ಲ. ಬರ್ತೀನಿ. ಮೂರು ತಿಂಗಳಲ್ಲ, ಒಂದು ತಿಂಗಳು. ಹಸಿ ಬಾಣಂತಿ ಹೊತ್ತಿನಲ್ಲಿ ನಾನು ಇರ್ತೀನಿ, ಲೇಹ್ಯ ಗೀಹ್ಯ ಎಲ್ಲ ನಾನೇ ಮಾಡ್ತೀನಿ. ಆಮೇಲೆ ನೀನು ನನಗೆ ಮುಯ್ಯಿ ಕೊಡಬೇಕು. ಜನವರಿಯಲ್ಲಿ ಕೊಯ್ಲಿನ ಹೊತ್ತಿಗೆ ಹದಿನೈದು ದಿನ ಇಲ್ಲಿಗೆ ಬಂದು ನಿಮ್ಮಣ್ಣನ ಊಟ, ಆಳುಗಳ ತಿಂಡಿ ನೋಡಿಕೋ. ನಾನು ಕಳಸಕ್ಕೆ ಹೋಗಿ ಚಿಕ್ಕಮ್ಮನ ಜೊತೆ ಇರ್ತೀನಿ.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬೇಜಾರಾಯಿತೇನೋ ಅಂದುಕೊಂಡೆ. ಆಮೇಲೆ, “ಮುಯ್ಯಾಳಾ ಅತ್ತಿಗೆ? ಅಮ್ಮ ಹೇಳ್ತಿದ್ದ ಮಾತು. ಕೇಳಿ ಎಷ್ಟು ಕಾಲವಾಯ್ತು” ಅಂದಳು. ಮತ್ತೆ ಸಣ್ಣ ದನಿಯಲ್ಲಿ, “ಅಮ್ಮ ಮಲಗಿದ್ದಾಗ ನಾನು ಹದಿನೈದು ದಿನವೂ ಬಂದು ಇರಲಿಲ್ಲ, ಅಲ್ವಾ?” ಅಂದಳು. ನಾನು ಏನೂ ಅನ್ನಲಿಲ್ಲ. ಅನ್ನುವುದು ಏನಿತ್ತು?

ಅಕ್ಟೋಬರಿನಲ್ಲಿ ಹೋದೆ. ಹೆಣ್ಣು ಮಗು. ಒಂದು ತಿಂಗಳು ಇದ್ದು, ಎಣ್ಣೆ ನೀರು ಹಾಕಿ, ಬಂದೆ. 2025ರ ಜನವರಿಯಲ್ಲಿ ನಾದಿನಿ ಬ್ಯಾಗು ಹಿಡಿದುಕೊಂಡು ಬಂದು ಇಳಿದಳು! ಮೊದಲ ದಿನವೇ ರೊಟ್ಟಿ ಸೀದು ಹೋಯಿತಂತೆ, ಆಳುಗಳಿಗೆ ತಿಂಡಿ ಹತ್ತು ಗಂಟೆಗೆ ಆಯಿತಂತೆ. ಮೂರನೇ ದಿನ ಫೋನು ಮಾಡಿ, “ಅತ್ತಿಗೆ, ಇದನ್ನೆಲ್ಲ ನೀವು ನಲವತ್ತು ವರ್ಷದಿಂದ ಹೇಗೆ ಮಾಡಿದಿರಿ?” ಅಂದಳು. ಯಜಮಾನರು ತಾವೇ ಕಣದಲ್ಲಿ ಕಾಫಿ ಕೈಯಾಡಿಸುತ್ತಿದ್ದಾರೆ ಅಂತಲೂ ಹೇಳಿದಳು. ನಾನು ಆಗ ಕಳಸದ ಮನೆಯ ಜಗಲಿಯಲ್ಲಿ ಚಿಕ್ಕಮ್ಮನ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಹೊತ್ತು ಬೇಕಾದಷ್ಟಿತ್ತು. ಅಮ್ಮ ಚಿಕ್ಕವಳಾಗಿದ್ದಾಗಿನ ಕಥೆಗಳನ್ನು ಅವರು ಹೇಳಿದರು. ನನಗೆ ಒಂದೂ ಗೊತ್ತಿರಲಿಲ್ಲ.

ಮೇಷ್ಟರು ಇನ್ನೊಂದು ಮಾತು ಹೇಳಿದ್ದರು, ಅದನ್ನು ನಿಮಗೆ ಹೇಳಿ ಮುಗಿಸುತ್ತೇನೆ. ಇಂಗ್ಲಿಷಿನ ‘ಫ್ರೀ’ ಮತ್ತು ನಮ್ಮ ‘ಪ್ರಿಯ’ ಎರಡೂ ಬಹಳ ಹಿಂದೆ ಒಂದೇ ಬೇರಿನಿಂದ ಒಡೆದ ಶಬ್ದಗಳಂತೆ. ಮನೆಯಲ್ಲಿ ಆಳಾಗಿರದೆ ಪ್ರೀತಿಯವರಾಗಿ ಇದ್ದವರು ಯಾರೋ ಅವರು ಫ್ರೀ. ನನಗೆ ಥಟ್ಟನೆ ನಮ್ಮಜ್ಜಿಯ ನೆನಪಾಯಿತು. ಸಂತೆಯಲ್ಲಿ ರೇಟು ಜಾಸ್ತಿಯಾದರೆ ಅವರು ದುಬಾರಿ ಅನ್ನುತ್ತಿರಲಿಲ್ಲ. “ಈ ವರ್ಷ ಬೆಲ್ಲ ಬಲು ಪ್ರಿಯ” ಅನ್ನುತ್ತಿದ್ದರು.

ಆದ್ದರಿಂದ ಸೋದರಿಯರೇ, ಇನ್ನು ಮೇಲೆ ಯಾರಾದರೂ ‘ಫ್ರೀ ಇದ್ದೀರಾ’ ಅಂತ ಕೇಳಿದರೆ ಕೂಡಲೇ ‘ಹೂಂ’ ಅನ್ನಬೇಡಿ. ಒಂದು ಗಳಿಗೆ ನಿಲ್ಲಿ. ಕೇಳಿದ್ದು ಬಿಡುವೋ ಬಿಟ್ಟಿಯೋ ಅಂತ ನಿಮಗೆ ನೀವೇ ಕೇಳಿಕೊಳ್ಳಿ. ಬಿಡುವಿದ್ದರೆ ಧಾರಾಳವಾಗಿ ಕೊಡಿ, ಅದರಲ್ಲಿ ಸ್ವಲ್ಪ ನಿಮಗೂ ಇಟ್ಟುಕೊಳ್ಳಿ. ತಾಯಿ ಇರುವವರು ಈ ತಿಂಗಳೇ ಒಂದು ಸಲ ಹೋಗಿ ಬನ್ನಿ. ಕೊಯ್ಲು ಮುಗಿಯಲಿ ಅನ್ನಬೇಡಿ.

ಉತ್ತರ ಕೊಡುವ ಮೊದಲು ಹಾಲು ಇಳಿಸುವುದನ್ನು ಮಾತ್ರ ಮರೆಯಬೇಡಿ!